ಇಂದಿನ ಚಿಂತನೆ: ನೀರಿನ ಸುದ್ದಿ ಯಾರದು?



ಪರಿಸರ ರಸಾಯನಶಾಸ್ತ್ರದ ಸ್ಪರ್ಧೆಗೆ ನಮ್ಮ ಮಕ್ಕಳನ್ನು ತಯಾರು ಮಾಡುತ್ತಿದ್ದೇನೆ. ಪಾವಗಡದ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬುದು ಅವರ ವಿಷಯ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಿದ್ದರೆ ಮೊದಲು ಮಕ್ಕಳ ಹಲ್ಲಿಗೆ ಕಲೆ, ತೀರಾ ಹೆಚ್ಚಾಗಿ ವರ್ಷಗಟ್ಟಲೆ ಕುಡಿದರೆ ಮೂಳೆಗೂ ಕುತ್ತು. ಕುದಿಸಿದರೂ ಹೋಗದು, ನೀರು ಆವಿಯಾದಷ್ಟೂ ಗಾಢವಾಗುತ್ತದೆ.

ಕೇರಿಯ ಮನೆಗಳಲ್ಲಿ ಬಾಟಲಿ ತುಂಬಿಸಿಕೊಂಡೆವು. ಯಾರೂ ಇಲ್ಲವೆನ್ನಲಿಲ್ಲ. ಈಗ ಮಕ್ಕಳು, "ಸ್ಪರ್ಧೆ ಮುಗಿಯುವವರೆಗೆ ಯಾರಿಗೂ ಹೇಳೋದು ಬೇಡ ಸಾರ್, ಬೇರೆ ತಂಡದವರು ಕದೀತಾರೆ" ಎನ್ನುತ್ತಾರೆ. ಕದಿಯುವವರು ಯಾರು? ಕೊಡದಿದ್ದುದನ್ನು ತೆಗೆದುಕೊಳ್ಳಬಾರದೆಂಬುದು ಎರಡನೇ ಶೀಲ. ಆ ಮನೆಯವರು ಕೊಟ್ಟದ್ದು ನೀರು. ಅದರ ಸುದ್ದಿಯನ್ನು ಬಚ್ಚಿಡುವ ಅಧಿಕಾರ ಕೊಟ್ಟಿಲ್ಲ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ನೀರು ಕುಡಿದು ನಮ್ಮ ಹಕ್ಕು ಸ್ಥಾಪಿಸಿದರು. ಕುಡಿಯುವ ನೀರಿನಲ್ಲಿ ಏನಿದೆ ಎಂದು ತಿಳಿಯುವುದೂ ಆ ಹಕ್ಕಿನೊಳಗೇ ಬರುತ್ತದೆ ಎಂದು ನಾನು ತಿಳಿದಿದ್ದೇನೆ.

ಒಬ್ಬ ಹುಡುಗಿಯ ಅನುಮಾನ ಮಾತ್ರ ಸರಿಯಾದದ್ದು: ಬಣ್ಣ ನೋಡಿ ಹೇಳುವ ಕಿಟ್ ಅಂದಾಜಷ್ಟೇ, ಜನರನ್ನು ಸುಮ್ಮನೆ ಹೆದರಿಸಬಾರದು. ಹಾಗಾಗಿ ಪ್ರತಿ ಬಾಟಲಿಯನ್ನೂ ಮೂರು ಸಲ ಪರೀಕ್ಷಿಸಿ, ಅಂದಾಜು ಎಂದೇ ಬರೆದು, ಭಾನುವಾರ ಮನೆಮನೆಗೂ ಚೀಟಿ ಕೊಡುತ್ತೇವೆ. ಸ್ಪರ್ಧೆಯ ಚಾರ್ಟು ಆಮೇಲೆ.