ಒಣಕೊಂಬೆ ಯಾರದು?

ಹುಮನಾಬಾದಿನ ನಮ್ಮ ಹಿತ್ತಲ ಬೇವಿನ ಒಣಕೊಂಬೆಯನ್ನು ಕಡಿಸಬೇಕೆಂದು ಅಪ್ಪ ಹೇಳುತ್ತಲೇ ಇದ್ದಾರೆ. ಅವ್ವ ಬಟ್ಟೆ ಒಗೆಯುವುದು ಅದರ ಕೆಳಗೆ. ಹೊಂಬೆನ್ನಿನ ಮರಕುಟಿಗವೊಂದು ಅದರಲ್ಲಿ ಪೊಟರೆ ಕೊರೆದು, ಮರಿ ಬೆಳೆಸಿ ಹೋಯಿತು. ಈಗಲ್ಲಿ ಮೈನಾ ಸಂಸಾರ. ಮರ ಕೊರೆಯಲಾರದ ಮೈನಾ, ಹಾಲಕ್ಕಿ, ಮಡಿವಾಳ ಹಕ್ಕಿಗಳಿಗೆ ಇಂಥ ಹಳೆಯ ಪೊಟರೆಗಳೇ ಆಸರೆ.

12ನೇ ಶತಮಾನದ ಶರಣರನ್ನು ಓದುತ್ತ ಬಸವಕಲ್ಯಾಣಕ್ಕೆ ಹೋಗಿಬರುವ ನನಗೆ ಇದನ್ನು ಕಾಯಕ, ದಾಸೋಹ ಎನ್ನುವ ಆಸೆ. ಆದರೆ ಹಕ್ಕಿ ಕೊಟ್ಟಿಲ್ಲ, ಬಿಟ್ಟುಹೋಗಿದೆ. ಕೊಡುವುದೆಂದರೆ ಇಟ್ಟುಕೊಳ್ಳಬಹುದಾದದ್ದನ್ನು ತಿಳಿದೂ ಬಿಡುವುದು. ಆ ಆಯ್ಕೆ ಮರಕುಟಿಗಕ್ಕಿಲ್ಲ. ಕೊಡಲಿ ಹಿಡಿಯಬಲ್ಲ ನಮಗಿದೆ.

ಅಪ್ಪನ ಭಯವೂ ಸುಳ್ಳಲ್ಲ. ಕಳೆದ ಭಾನುವಾರ ಇಬ್ಬರೂ ಸೇರಿ ಒಗೆಯುವ ಕಲ್ಲನ್ನು ಗೋಡೆಯ ಕಡೆಗೆ ಸರಿಸಿದೆವು. ದಾಸೋಹವೆನ್ನಲು ಅದು ತೀರ ಚಿಕ್ಕದು. ಕೊಂಬೆ ಮಾತ್ರ ಉಳಿದಿದೆ.