ಪರದೆಯ ಕಟ್ಟು

ಕಿಟಕಿಯ ಪರದೆಯನ್ನು ಹಗಲಿನಲ್ಲಿ ಒಂದು ಪಕ್ಕಕ್ಕೆ ಒತ್ತರಿಸಿ, ಗೋಡೆಯ ಕೊಂಡಿಗೆ ಸಿಕ್ಕಿಸಿಡುವ ಹುರಿಯೊಂದುಂಟು. ಕೆಲವೆಡೆ ಅದು ಬಟ್ಟೆಯ ಪಟ್ಟಿ, ಕೆಲವೆಡೆ ಗೊಂಡೆಯುಳ್ಳ ದಾರ, ಪದಾರ್ಥವೇನೋ ಅಲ್ಪವಾದುದು. ಇದಕ್ಕೆ ಇಂಗ್ಲಿಷರಿಟ್ಟ ಹೆಸರು 'ಟೈಬ್ಯಾಕ್', ಎಂದರೆ ಹಿಂದಕ್ಕೆ ಕಟ್ಟುವಂಥದು. ಫ್ರೆಂಚರು ಇದನ್ನೇ 'ಆಂಬ್ರಾಸ್' ಎನ್ನುವರು. ತಬ್ಬಿಕೊಳ್ಳುವುದೆಂಬ ಕ್ರಿಯಾಪದದಿಂದ ಹುಟ್ಟಿದ ನಾಮವದು. ಅದರ ಬುಡದಲ್ಲಿರುವುದು ತೋಳೆಂಬ ಶಬ್ದ. ಹುರಿ ಒಂದೇ; ಒಂದು ಜನಕ್ಕೆ ಅದು ಕಟ್ಟು, ಇನ್ನೊಂದು ಜನಕ್ಕೆ ತೆಕ್ಕೆ. ಯಾವುದು ದಿಟ?

ಎರಡೂ ದಿಟವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಹೆಸರು ಯಾರ ಕಡೆಯಿಂದ ಬಂದಿತೆಂಬುದನ್ನು ವಿಚಾರಿಸಬೇಡವೆ? ಬೆಳಕು ಬೇಕಾದವನು ಕೋಣೆಯಲ್ಲಿ ಕುಳಿತವನು. ಹುರಿಯನ್ನು ಬಿಗಿದವನೂ ಅವನೇ. ಪರದೆಯನ್ನು ಯಾರೂ ಕೇಳಲಿಲ್ಲ. ಬಟ್ಟೆಯ ಮಟ್ಟಿಗೆ ಇದರಿಂದ ಬಾಧಕವಿಲ್ಲ. ಬಹಳ ಬಿಗಿದರೆ ಸುಕ್ಕು ಬಿದ್ದೀತು, ಅಷ್ಟೆ.

ಕನ್ನಡದಲ್ಲಿ 'ಕಟ್ಟು' ಎಂಬ ಧಾತು ಮಾಡದ ಕೆಲಸವಿಲ್ಲ. ಕಿಟ್ಟೆಲರು 1894ರಲ್ಲಿ ಮಂಗಳೂರಿನಿಂದ ಹೊರತಂದ ಕೋಶದಲ್ಲಿ ಅದರ ಅರ್ಥಗಳನ್ನು ಓದುತ್ತ ಕುಳಿತರೆ ಹೊತ್ತು ಹೋದುದೇ ತಿಳಿಯದು. ಮನೆ ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ಹಾಡು ಕಟ್ಟುತ್ತೇವೆ. ಹಸುವನ್ನು ಗೂಟಕ್ಕೆ ಕಟ್ಟುತ್ತೇವೆ, ತಾಳಿಯನ್ನೂ ಕಟ್ಟುತ್ತೇವೆ. (ತೆರೆಯೆಂಬ ಮಾತೂ ಸೋಜಿಗದ್ದೇ: ನಾಮವಾದರೆ ಮರೆಮಾಡುವ ಬಟ್ಟೆ, ಕ್ರಿಯೆಯಾದರೆ ಮರೆಯನ್ನು ಕಳೆಯುವುದು.) ನಮ್ಮ ಭಾಷೆ ಕಟ್ಟನ್ನು ಕಟ್ಟೆಂದೇ ಕರೆಯಿತು. ಅದಕ್ಕೆ ತೆಕ್ಕೆಯೆಂದು ಬೇರೆ ಹೆಸರಿಡುವವರು ನಾವು. ಮಗಳ ಓದನ್ನು ನಡುವೆಯೇ ನಿಲ್ಲಿಸಿದ ತಂದೆ ಅದನ್ನು ಮಮತೆಯೆನ್ನುತ್ತಾನೆ. ಸೊಸೆಯನ್ನು ಮೂಲೆಗೆ ಒತ್ತರಿಸಿದ ಹಿರಿಯರು ಮನೆಯ ಮರ್ಯಾದೆಯೆನ್ನುತ್ತಾರೆ. ಅವರು ಸುಳ್ಳಾಡುತ್ತಿರುವರೆಂದು ನನ್ನ ಅಭಿಪ್ರಾಯವಲ್ಲ. ಮಮತೆ ನಿಜವಾಗಿಯೂ ಇದ್ದೀತು, ತೊಡಕಿರುವುದೇ ಅಲ್ಲಿ.

ಹಾಗಾದರೆ ಕಟ್ಟೆಲ್ಲವೂ ಕೆಟ್ಟುದೋ? ಬಾವಿಯ ದಂಡೆಯಲ್ಲಿ ಮಗುವಿನ ರಟ್ಟೆಯನ್ನು ಬಿಗಿಯಾಗಿ ಹಿಡಿದ ತಾಯಿಯನ್ನು ಯಾರು ಜರೆದಾರು? ತೆಕ್ಕೆಯಲ್ಲಿ ಇಬ್ಬರ ತೋಳುಗಳಿರಬೇಕೆಂದು ಕೆಲವರು ಹೇಳುವುದುಂಟು. ಅದೂ ಪೂರ್ತಿ ಸರಿಯಲ್ಲ. ಎಳೆಗೂಸು ತೋಳೆತ್ತಿ ತಬ್ಬಲಾರದು. ಆದರೆ ಅದು ಅಳಬಲ್ಲುದು. ಅಳು ಕೇಳಿದೊಡನೆ ತಾಯಿ ತೋಳನ್ನು ಸಡಿಲಿಸುವಳು. ನನಗೆ ಕಾಣುವಂತೆ ಭೇದವಿರುವುದು ಈ ಸಡಿಲಿಸುವಿಕೆಯಲ್ಲಿ, ಬಿಗಿತದಲ್ಲಲ್ಲ. ಪರದೆಯ ಹುರಿಯನ್ನಾದರೂ ಸಂಜೆ ದೀಪ ಹಚ್ಚುವ ಹೊತ್ತಿಗೆ ಕೊಂಡಿಯಿಂದ ತೆಗೆಯುವರು. ಬಟ್ಟೆ ತನ್ನ ಭಾರಕ್ಕೆ ತಾನು ನೆಟ್ಟಗೆ ಇಳಿಯುವುದು. ಓದು ನಿಂತ ಆ ಹುಡುಗಿ ಬಟ್ಟೆಯಲ್ಲ, ಬಾಯುಳ್ಳವಳು. ತನ್ನ ಮೇಲಿನ ಹುರಿಗೆ ಅವಳು ಯಾವ ಹೆಸರಿಡುವಳೆಂದು ತಂದೆ ಒಮ್ಮೆಯಾದರೂ ಕೇಳಿರುವನೆ?