ಉಪವಾಸವೂ ಹಸಿವೂ

ಅಷ್ಟಮಿ ಚತುರ್ದಶಿಗಳಲ್ಲಿ ಅಶನ, ಪಾನ, ಖಾದ್ಯ, ಲೇಹ್ಯಗಳೆಂಬ ನಾಲ್ಕು ಬಗೆಯ ಆಹಾರವನ್ನೂ ತ್ಯಜಿಸಿ ಉಪವಾಸ ಮಾಡುವ ಶ್ರಾವಕ ಶ್ರಾವಿಕೆಯರಿಗೆ ಹಸಿವು ಅಪರಿಚಿತವಾದುದಲ್ಲ. ದಶಲಕ್ಷಣ ಪರ್ವದ ದಿನಗಳಲ್ಲಿ ನಮ್ಮ ಮನೆಗಳ ಮಕ್ಕಳು ಕೂಡ ಅದನ್ನು ಅಷ್ಟಿಷ್ಟು ಅರಿತಿರುತ್ತಾರೆ. ಆದುದರಿಂದಲೇ ಬಡವರ ಹಸಿವಿನ ಪ್ರಸ್ತಾಪ ಬಂದಾಗ ನಮ್ಮಲ್ಲಿ ಕೆಲವರು, "ಹಸಿವೆಂದರೇನೆಂದು ನಮಗೆ ತಿಳಿಯದೆ?" ಎನ್ನುವುದುಂಟು. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಇಲ್ಲಿ ವಿಚಾರ ಮಾಡಬೇಕೆಂದಿದ್ದೇನೆ.

ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಗೆ ಪಾತ್ರೆ ತಿಕ್ಕಲು ಒಬ್ಬ ಹೆಂಗಸು ಬರುತ್ತಿದ್ದಳು. ಕೆಲಸ ಮುಗಿದ ಮೇಲೆ ಅವಳಿಗೂ ಅವಳ ಮಗನಿಗೂ ನಮ್ಮಲ್ಲಿಯೇ ಊಟ. ಚತುರ್ದಶಿಯಂದು ಮನೆಮಂದಿಯೆಲ್ಲ ಉಪವಾಸವಿರುತ್ತಿದ್ದುದರಿಂದ ಅಂದು ಒಲೆ ಹೊತ್ತುತ್ತಿರಲಿಲ್ಲ, ತಿಕ್ಕಲು ಪಾತ್ರೆಗಳೂ ಇರುತ್ತಿರಲಿಲ್ಲ. ಅವಳು ಅಂಗಳ ಗುಡಿಸಿ ಹೊರಟುಹೋಗುತ್ತಿದ್ದಳು. ಹೀಗೆ ಎಷ್ಟೋ ಚತುರ್ದಶಿಗಳು ಕಳೆದ ಮೇಲೆ ಒಂದು ಸಂಜೆ ಆ ಹುಡುಗ ನನ್ನ ತಾಯಿಯವರನ್ನು, "ಅವ್ವಾರ, ನಾಳೆ ನಿಮ್ದು ಉಪಾಸ ಐತೇನ್ರಿ?" ಎಂದು ಕೇಳಿದ. ಬಾಲಕನಿಗೂ ವ್ರತದಲ್ಲಿ ಆಸಕ್ತಿ ಹುಟ್ಟಿದೆಯೆಂದು ತಾಯಿಯವರು ಮೊದಲು ಸಂತೋಷಪಟ್ಟರು. ಅವನ ಪ್ರಶ್ನೆಯ ಅರ್ಥ ಅವರಿಗೆ ಹೊಳೆದದ್ದು ರಾತ್ರಿ ಮಲಗಿದ ಮೇಲೆ. ಅಲ್ಲಿಂದ ಮುಂದೆ ಅವರಿಬ್ಬರ ಪಾಲಿನ ಜೋಳವನ್ನು ತ್ರಯೋದಶಿಯ ಸಂಜೆಯೇ ಅಳೆದು ಕೊಡುವ ಪದ್ಧತಿ ನಮ್ಮ ಮನೆಯಲ್ಲಿ ಬಂದಿತು.

ಆ ದಿನಗಳಲ್ಲಿ ನಮ್ಮ ಹೊಟ್ಟೆಯೂ ಆ ಹುಡುಗನ ಹೊಟ್ಟೆಯೂ ಸಮನಾಗಿ ಬರಿದಾಗಿದ್ದವು. ಆದರೆ ನಮ್ಮ ಉಪವಾಸಕ್ಕೆ ಸಂಕಲ್ಪವಿತ್ತು, ಪಾರಣೆಯ ಗಳಿಗೆಯೂ ಗೊತ್ತಾಗಿತ್ತು. ಅವನಿಗೆ ಇವೆರಡೂ ಇರಲಿಲ್ಲ. ಸೆರೆಯಲ್ಲಿ ಸಿಕ್ಕವನು ನಿರುಪಾಯನಾಗಿ ತಡೆದುಕೊಳ್ಳುವ ಹಸಿವು ನೀರಡಿಕೆಗಳನ್ನು ಪೂಜ್ಯಪಾದಾಚಾರ್ಯರು ಅಕಾಮ ನಿರ್ಜರೆಯೆಂದು ಬೇರೆಯಾಗಿಯೇ ವಿವರಿಸಿದ್ದಾರೆ. ಅದನ್ನು ಶ್ರಾವಕನ ವ್ರತದೊಡನೆ ಕಲಸಲಿಲ್ಲ. ಬಿಡುವವನ ಕೈಯಲ್ಲಿ ಬಿಡಲು ಏನಾದರೂ ಇದ್ದಾಗ ಮಾತ್ರ ತ್ಯಾಗವೆಂಬ ಮಾತಿಗೆ ಅರ್ಥ ಬರುತ್ತದೆ. ಶಾಸ್ತ್ರಗಳಲ್ಲಿ ಇನ್ನೊಂದು ಸಂಗತಿಯೂ ಇದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಒಂದನ್ನು ಉಮಾಸ್ವಾಮಿಗಳು ಅನ್ನಪಾನನಿರೋಧವೆಂದೂ ಸಮಂತಭದ್ರಾಚಾರ್ಯರು ಆಹಾರವಾರಣವೆಂದೂ ಕರೆದಿದ್ದಾರೆ. ತನ್ನ ಆಶ್ರಯದಲ್ಲಿರುವ ಜೀವಿಗೆ ಸಲ್ಲಬೇಕಾದ ಅನ್ನವನ್ನು ಕಾಲಕ್ಕೆ ಸರಿಯಾಗಿ ಕೊಡದೆ ತಡೆಯುವುದು ಹೊಡೆತ ಬಡಿತಗಳ ಸಾಲಿನಲ್ಲಿಯೇ ಎಣಿಕೆಯಾಗಿದೆ. ಕೊಟ್ಟಿಗೆಯ ಎತ್ತಿನ ವಿಷಯದಲ್ಲಿ ನಾವು ಇದನ್ನು ಚೆನ್ನಾಗಿ ಬಲ್ಲೆವು. ಮನುಷ್ಯರ ವಿಷಯದಲ್ಲಿ ಅಷ್ಟಾಗಿ ಯೋಚಿಸಿದವರಲ್ಲ.

ಈ ತಡೆಯನ್ನು ಒಂದು ಮನೆಯ ಅಳತೆಯಲ್ಲಲ್ಲದೆ ಇಡೀ ದೇಶದ ಅಳತೆಯಲ್ಲಿ ನಮಗೆ ತೋರಿಸಿಕೊಟ್ಟವರಲ್ಲಿ ಜ್ಯಾಂ ದ್ರೇಜ್ ಎಂಬ ಅರ್ಥಶಾಸ್ತ್ರಜ್ಞರು ಮುಖ್ಯರು. 1959ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಗಣಿತಪ್ರಧಾನವಾದ ಅರ್ಥಶಾಸ್ತ್ರವನ್ನು ಓದಿ, 1979ರಲ್ಲಿ ಅವರು ಭಾರತಕ್ಕೆ ಬಂದರು. ದೆಹಲಿಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಡಾಕ್ಟರೇಟ್ ಪಡೆದರು. 1983-84ರಲ್ಲಿ ಉತ್ತರ ಪ್ರದೇಶದ ಪಾಲನ್‌ಪುರವೆಂಬ ಹಳ್ಳಿಯಲ್ಲಿ ವಾಸಿಸಿ ಅಲ್ಲಿನ ಜನರ ಬದುಕನ್ನು ಅಭ್ಯಾಸ ಮಾಡಿದರು. 2002ರಲ್ಲಿ ಭಾರತದ ಪೌರತ್ವವನ್ನೇ ಸ್ವೀಕರಿಸಿದರು.

ಅಮರ್ತ್ಯ ಸೇನರೊಡನೆ ಅವರು ಬರೆದು 1989ರಲ್ಲಿ ಹೊರತಂದ ಗ್ರಂಥವು ಹಸಿವನ್ನೂ ಅದರ ನಿವಾರಣೆಗೆ ಸಮಾಜವು ಮಾಡಬಹುದಾದ ಕಾರ್ಯವನ್ನೂ ಕುರಿತದ್ದು. ಧಾನ್ಯವಿಲ್ಲದೆ ಜನ ಸಾಯುತ್ತಾರೆಂಬುದು ಅರ್ಧ ಸತ್ಯ. ಧಾನ್ಯವಿದ್ದೂ ಅದನ್ನು ಪಡೆಯುವ ದಾರಿಯಿಲ್ಲದೆ ಸಾಯುವುದೇ ಹೆಚ್ಚು ಎಂಬ ವಿಚಾರವನ್ನು ಅದು ಮುಂದಿಡುತ್ತದೆ. ಮಹಾರಾಷ್ಟ್ರದಲ್ಲಿ 1970ರಿಂದ 73ರವರೆಗೆ ಬಿದ್ದ ಬರವನ್ನು ದ್ರೇಜರು ವಿಶೇಷವಾಗಿ ಅಭ್ಯಾಸ ಮಾಡಿದರು. ಬೆಳೆ ಪೂರಾ ಕೈಕೊಟ್ಟಿದ್ದರೂ ಅಲ್ಲಿ ಮಹಾಕ್ಷಾಮ ಸಂಭವಿಸಲಿಲ್ಲ. 1973ರ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 50 ಲಕ್ಷ ಜನರು ಸರಕಾರದ ಬರಗಾಲದ ಕಾಮಗಾರಿಗಳಲ್ಲಿ ದುಡಿದು ಕೂಲಿ ಪಡೆದದ್ದೇ ಅದಕ್ಕೆ ಮುಖ್ಯ ಕಾರಣ. ಸೊಲ್ಲಾಪುರ, ಸಾಂಗಲಿಗಳ ಕಡೆ ನಂಟರುಳ್ಳ ಮನೆಗಳಲ್ಲಿ ಆ ಬರದ ನೆನಪು ಇನ್ನೂ ಉಳಿದಿರಬಹುದು.

2001ರ ಪ್ರಾರಂಭದಲ್ಲಿ ದೇಶದ ಸರಕಾರಿ ಗೋದಾಮುಗಳಲ್ಲಿ ಸುಮಾರು 5 ಕೋಟಿ ಟನ್ ಅಕ್ಕಿ ಗೋಧಿ ಸಂಗ್ರಹವಾಗಿತ್ತು. ಅದೇ ಕಾಲದಲ್ಲಿ ರಾಜಸ್ಥಾನ ಮೊದಲಾದ ಕಡೆಗಳಲ್ಲಿ ಬರ. ಈ ಮೂಟೆಗಳನ್ನು ಒಂದರ ಮುಂದೆ ಒಂದು ಇಡುತ್ತ ಹೋದರೆ ಸಾಲು ಹತ್ತು ಲಕ್ಷ ಕಿಲೋಮೀಟರಿನಷ್ಟು ಆದೀತು, ಚಂದ್ರಲೋಕಕ್ಕೆ ಹೋಗಿ ಮರಳಿ ಬರುವುದಕ್ಕೂ ಸಾಕಾದೀತು ಎಂದು ದ್ರೇಜರು ಬರೆದರು. ಲೆಕ್ಕವನ್ನು ನಾನೂ ಹಾಕಿ ನೋಡಿದೆ: 50 ಕಿಲೋ ಹಿಡಿಯುವ ಚೀಲ, ಒಂದು ಚೀಲಕ್ಕೆ ಒಂದು ಮೀಟರು, ನೂರು ಕೋಟಿ ಚೀಲ. ಸರಿಯಾಗಿಯೇ ಇದೆ. ಜಯಪುರದ ಹತ್ತಿರ ಗೋದಾಮಿನ ಹೊರಗೆ ಧಾನ್ಯ ಕೊಳೆಯುತ್ತಿರುವುದನ್ನು ಕಂಡ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆಯವರು ಅದೇ ವರ್ಷದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಜೀವಿಸುವ ಹಕ್ಕಿನಲ್ಲಿ ಅನ್ನದ ಹಕ್ಕೂ ಅಡಗಿದೆಯೆಂಬುದು ಅವರ ವಾದ. ಇದರ ಬೆನ್ನಲ್ಲಿ ಬೆಳೆದ ಆಹಾರ ಹಕ್ಕಿನ ಆಂದೋಲನದಲ್ಲಿ ದ್ರೇಜರು ಮೊದಲಿನಿಂದಲೂ ದುಡಿದರು.

2001ರ ನವೆಂಬರ್ 28ರಂದು ನ್ಯಾಯಾಲಯವು ಕೊಟ್ಟ ಮಧ್ಯಂತರ ಆದೇಶವು ಸರಕಾರಿ ಶಾಲೆಗಳ ಮಕ್ಕಳಿಗೆ ಕನಿಷ್ಠ 300 ಕ್ಯಾಲರಿಯೂ 8ರಿಂದ 12 ಗ್ರಾಂ ಪ್ರೋಟೀನೂ ಇರುವ ಬೇಯಿಸಿದ ಊಟವನ್ನು ವರ್ಷಕ್ಕೆ ಕನಿಷ್ಠ 200 ದಿನ ಕೊಡಬೇಕೆಂದು ವಿಧಿಸಿತು. ನಮ್ಮ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳ ಶಾಲೆಗಳಲ್ಲಿ 2002ರಲ್ಲಿ ಬಿಸಿಯೂಟ ಆರಂಭವಾಯಿತು. ಅಂದಿನಿಂದ ಅದೆಷ್ಟು ಮಕ್ಕಳು ಆ ಊಟದ ಗಂಟೆಗಾಗಿಯೇ ಶಾಲೆಗೆ ಬಂದಿದ್ದಾರೆಂಬುದನ್ನು ಹಳ್ಳಿಯ ಯಾವ ಮಾಸ್ತರರಾದರೂ ಹೇಳಬಲ್ಲರು.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಹಸಿದವನ ಹಸಿವು ಅವನ ಲಾಭಾಂತರಾಯ, ಭೋಗಾಂತರಾಯ ಕರ್ಮಗಳ ಉದಯದಿಂದ ಬಂದುದು. ಅದಕ್ಕೆ ನ್ಯಾಯಾಲಯವೇನು ಮಾಡೀತು, ಈ ಪಂಡಿತರೇನು ಮಾಡಿಯಾರು? ಎಂದು ಕೇಳುವವರಿದ್ದಾರೆ. ಕರ್ಮಸಿದ್ಧಾಂತವನ್ನು ಒಪ್ಪಿಕೊಂಡೇ ಉತ್ತರ ಹೇಳಬಹುದು. ಆ ಅಂತರಾಯ ಕರ್ಮದ ಆಸ್ರವಕ್ಕೆ ಶಾಸ್ತ್ರವು ಕೊಡುವ ಕಾರಣವೇ ಪರರಿಗೆ ವಿಘ್ನವನ್ನುಂಟುಮಾಡುವುದು. ಅವನ ಹಿಂದಿನ ಜನ್ಮದ ಲೆಕ್ಕ ನಮಗೆ ಕಾಣದು. ಗೋದಾಮಿನ ಬಾಗಿಲಿಗೆ ಇಂದು ಬೀಗ ಹಾಕಿದವನ ಲೆಕ್ಕವಾದರೋ ಕಣ್ಣೆದುರಿಗೇ ಇದೆ. ಕಾಣದ ಕಾರಣವನ್ನು ಹಿಡಿದು ಕಾಣುವ ಕಾರಣವನ್ನು ಮರೆಯುವುದು ತತ್ತ್ವಜ್ಞಾನವೆನಿಸದು. ಅದು ಸೋಮಾರಿತನ.

ದ್ರೇಜರ ಜೀವನದಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು 2010ರ ಸಂಗತಿ. ಆಗ ಅವರು ರಾಷ್ಟ್ರೀಯ ಸಲಹಾ ಮಂಡಲಿಯ ಸದಸ್ಯರು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾನೂನಿನ ರಚನೆಯಲ್ಲಿಯೂ ಅವರ ಕೈಯಿತ್ತು. ಆಹಾರ ಭದ್ರತೆಯ ಕರಡಿಗೆ ಮಂಡಲಿಯು ಮಾಡಿದ ಶಿಫಾರಸುಗಳು ಸಾಲವೆಂದು ಅವರು ಭಿನ್ನಾಭಿಪ್ರಾಯದ ಟಿಪ್ಪಣಿ ಬರೆದರು. ಪಡಿತರವು ಎಲ್ಲರಿಗೂ ದೊರೆಯಬೇಕು. ಬಡವರನ್ನು ಆರಿಸಲು ಹೊರಟರೆ ನಿಜವಾದ ಬಡವನೇ ಪಟ್ಟಿಯಿಂದ ಹೊರಗುಳಿಯುತ್ತಾನೆಂಬುದು ಅವರ ನಿಲುವು. ಕೊನೆಗೆ 2013ರಲ್ಲಿ ಅಂಗೀಕಾರವಾದ ಕಾನೂನು ಗ್ರಾಮಗಳಲ್ಲಿ ನೂರಕ್ಕೆ 75, ಪಟ್ಟಣಗಳಲ್ಲಿ ನೂರಕ್ಕೆ 50 ಮಂದಿಗೆ ಅನ್ವಯಿಸುವಂಥದು. ಅವರಲ್ಲಿ ಬಹುಪಾಲು ಜನರಿಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ. ತಾವು ಕೇಳಿದಷ್ಟು ಬರಲಿಲ್ಲವೆಂದು ಅವರು ಅದನ್ನು ತಳ್ಳಿಹಾಕಲಿಲ್ಲ, ಸಮರ್ಥಿಸಿದರು. ಮಹಾವ್ರತ ಸಾಧ್ಯವಾಗದವನು ಅಣುವ್ರತವನ್ನು ಹಿಡಿಯುವುದನ್ನು ಕಂಡಿರುವ ನಮಗೆ ಇದು ವಿಚಿತ್ರವಾಗಿ ತೋರಬೇಕಾಗಿಲ್ಲ.

ಅನಂತರ ಅವರು ರಾಂಚಿಯಲ್ಲಿ ನೆಲೆಸಿದರು. ಝಾರ್ಖಂಡದ ಹಳ್ಳಿಗಳಲ್ಲಿ ಹೆಬ್ಬೆರಳಿನ ಗುರುತು ಯಂತ್ರಕ್ಕೆ ಹತ್ತದೆ ಪಡಿತರ ತಪ್ಪಿಹೋದ ಮುದುಕ ಮುದುಕಿಯರ ಕಷ್ಟವನ್ನು ಸಂಗಡಿಗರೊಡನೆ ಅಲೆದು ದಾಖಲೆ ಮಾಡಿದರು. 2019ರ ಮಾರ್ಚ್‌ನಲ್ಲಿ ಅಲ್ಲಿನ ಗಢವಾ ಜಿಲ್ಲೆಯಲ್ಲಿ ಆಹಾರ ಹಕ್ಕಿನ ಸಭೆಗೆ ಅನುಮತಿಯಿಲ್ಲವೆಂದು ಪೊಲೀಸರು ಅವರನ್ನು ಕೆಲವು ಗಂಟೆ ಹಿಡಿದಿಟ್ಟು ಬಿಟ್ಟರು.

ಅವರಿಗೂ ನಮಗೂ ದಾರಿ ಬೇರೆಯಾಗುವ ಒಂದು ಸ್ಥಳವಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಶಾಲೆಯ ಊಟದಲ್ಲಿ ಮೊಟ್ಟೆ ಇರಬೇಕೆಂಬುದು ದ್ರೇಜರ ಪಕ್ಷ. ಬಡಮಕ್ಕಳಿಗೆ ಸತ್ತ್ವಯುತವಾದ ಆಹಾರ ಬೇಕು, ಅವರಲ್ಲಿ ಹೆಚ್ಚಿನವರ ಮನೆಗಳಲ್ಲಿ ಮೊಟ್ಟೆ ನಿಷಿದ್ಧವಲ್ಲ, ತಿನ್ನದವರಿಗೆ ಬೇರೆ ಕೊಟ್ಟರಾಯಿತು ಎಂದು ಅವರು ವಾದಿಸುತ್ತಾರೆ. 2021ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗ, ತಿನ್ನದವರಿಗೆ ಬಾಳೆಹಣ್ಣು ಇದ್ದರೂ, ನಮ್ಮ ಸಮಾಜದಿಂದಲೂ ವಿರೋಧ ಹೊರಟಿತು. ಮೊಟ್ಟೆಯನ್ನು ಆಹಾರವೆಂದು ನಾನು ಒಪ್ಪಲಾರೆ. ಈ ವಿಷಯದಲ್ಲಿ ದ್ರೇಜರ ಜೊತೆ ನಿಲ್ಲುವುದು ನನ್ನಿಂದಾಗದು. ಆದರೆ ಇನ್ನೊಬ್ಬರ ಮಗುವಿನ ತಟ್ಟೆಯಿಂದ ಒಂದು ಪದಾರ್ಥವನ್ನು ತೆಗೆಸಿ, ಆ ಜಾಗದಲ್ಲಿ ಅಷ್ಟೇ ಪುಷ್ಟಿಯ ಬೇರೊಂದನ್ನು ಇಡದೆ ನಾವು ಮನೆಗೆ ಮರಳಿದರೆ, ಸಮಂತಭದ್ರಾಚಾರ್ಯರ ಆಹಾರವಾರಣವೆಂಬ ಮಾತು ನಮ್ಮ ಬೆನ್ನು ಹತ್ತುವುದಿಲ್ಲವೆ? ಹಾಲಿದೆ, ಬೇಳೆಯಿದೆ, ಶೇಂಗಾ ಇದೆ. 2013ರಿಂದ ರಾಜ್ಯದ ಶಾಲೆಗಳಲ್ಲಿ ಕ್ಷೀರಭಾಗ್ಯದ ಹಾಲು ಕೊಟ್ಟದ್ದನ್ನು ಕಂಡಿದ್ದೇವೆ. ಬೇಡವೆಂದು ಮನವಿಪತ್ರ ಬರೆದ ನಾವು ಇನ್ನೊಂದು ಲೋಟ ಹಾಲಿನ ವೆಚ್ಚವನ್ನು ಹೊರುತ್ತೇವೆಂದು ಬರೆದೆವೆ?

ಬಸದಿಯಲ್ಲಿ ಸ್ವಾಧ್ಯಾಯ ಮುಗಿದ ಮೇಲೆ ಒಮ್ಮೆ ಈ ಪ್ರಶ್ನೆಯನ್ನು ಎತ್ತಿದೆ. ಕೆಲವರಿಗೆ ಕೋಪ ಬಂದಿತು. ಚತುರ್ದಶಿಯ ಉಪವಾಸದಲ್ಲಿದ್ದ ಹಿರಿಯರೊಬ್ಬರು ಬಹಳ ಹೊತ್ತು ಸುಮ್ಮನಿದ್ದು, "ಅಲ್ಲಪ್ಪಾ, ಇಲ್ಲೇ ಬಸದಿಯ ಹಿಂದಿನ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ?" ಎಂದು ಕೇಳಿದರು. ಅಲ್ಲಿ ಕುಳಿತಿದ್ದ ನಮ್ಮಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.